ಫೋನ್ ಮಾಡಿದವನನ್ನು ಪರೀಕ್ಷೆ ಮಾಡೋದು ಯಾರು?

ಫೋನ್ ಬಂತು, ಒಟಿಪಿ ಹೇಳಿದ್ರು, ದುಡ್ಡು ಹೋಯ್ತು. ಈ ಸುದ್ದಿ ಓದುವಾಗಲೆಲ್ಲ ನನಗೆ ಎರಡು ರೂಟರ್‌ಗಳು ನೆನಪಾಗುತ್ತವೆ.

ಎಂಜಿನಿಯರಿಂಗ್ ಮುಗಿಸಿ ಸಿಸಿಎನ್‌ಎ ಪರೀಕ್ಷೆಗೆ ತಯಾರಿ ನಡೆಸಿದ್ದ ದಿನಗಳು. ಲ್ಯಾಬ್‌ನಲ್ಲಿ ಒಂದು ರೂಟರ್‌ಗೆ ಹುಬ್ಬಳ್ಳಿ, ಇನ್ನೊಂದಕ್ಕೆ ಮೈಸೂರು ಅಂತ ಹೆಸರಿಟ್ಟಿದ್ದೆ. ನಡುವೆ ಕೇಬಲ್, ಎರಡೂ ಕಡೆ ಒಂದೇ ಪಾಸ್‌ವರ್ಡ್. ದೀಪ ಹಸಿರು. ಆದರೆ ಪರದೆ ಹೇಳ್ತಿತ್ತು: ಲೈನ್ ಅಪ್, ಪ್ರೋಟೋಕಾಲ್ ಡೌನ್. ಕೇಬಲ್ ಕಿತ್ತು ಹಾಕಿದೆ, ರೀಸ್ಟಾರ್ಟ್ ಮಾಡಿದೆ. ಊಹೂಂ.

ಕೊನೆಗೆ ಡೀಬಗ್ ಆನ್ ಮಾಡಿ ಎರಡರ ಮಾತುಕತೆ ನೋಡಿದೆ. ತಪ್ಪು ನನ್ನದೇ. ಹುಬ್ಬಳ್ಳಿಯಲ್ಲಿ ಯೂಸರ್‌ನೇಮ್ ಅಂತ ಹುಬ್ಬಳ್ಳಿಯನ್ನೇ ಬರೆದಿದ್ದೆ, ಬೇಕಿದ್ದದ್ದು ಮೈಸೂರು. ವಾಚ್‌ಮನ್ ಪಟ್ಟಿಯಲ್ಲಿ ಇರಬೇಕಾದ್ದು ಬರುವವರ ಹೆಸರು, ವಾಚ್‌ಮನ್ ಹೆಸರಲ್ಲ! ತಿದ್ದಿದೆ. ಆಗಲೂ ಇಲ್ಲ. ಒಂದು ಕಡೆ ಪಾಸ್‌ವರ್ಡ್ ಕೊನೆಗೆ ಸ್ಪೇಸ್ ಒತ್ತಿದ್ದೆ. ನಮ್ಮ ಕಣ್ಣಿಗೆ ಕಾಣದ ಆ ಖಾಲಿ ಜಾಗ ರೂಟರ್‌ಗೆ ಒಂದು ಅಕ್ಷರ. ಅಳಿಸಿದ ಕ್ಷಣ ಸಂಪರ್ಕ ಬಂತು.

ಈ ಒದ್ದಾಟದಲ್ಲೇ ನನಗೆ ವಿಷಯ ಅರ್ಥವಾಗಿದ್ದು. ರೂಟರ್‌ಗಳು ಗುರುತು ಹೇಳಿಕೊಳ್ಳೋಕೆ ಎರಡು ದಾರಿ. ಹಳೆಯದು ಪ್ಯಾಪ್: ಪಾಸ್‌ವರ್ಡನ್ನು ಇದ್ದ ಹಾಗೇ ತಂತಿಯಲ್ಲಿ ಕಳಿಸುತ್ತೆ. ಮಧ್ಯೆ ಕದ್ದು ಕೇಳಿದವನಿಗೆ ಹಬ್ಬ. ಇನ್ನೊಂದು ಚಾಪ್, ನಾನು ಹಾಕಿದ್ದು ಇದನ್ನೇ. ಮೈಸೂರು ಪ್ರತಿ ಸಲ ಹೊಸದೊಂದು ಸಂಖ್ಯೆಯನ್ನು ಸವಾಲಾಗಿ ಕಳಿಸುತ್ತೆ. ಹುಬ್ಬಳ್ಳಿ ಆ ಸಂಖ್ಯೆಗೆ ಪಾಸ್‌ವರ್ಡ್ ಬೆರೆಸಿ, ಎಂಡಿ5 ಎಂಬ ಲೆಕ್ಕದಲ್ಲಿ ಅರೆದು, ಉತ್ತರ ಮಾತ್ರ ಕಳಿಸುತ್ತೆ. ಮೈಸೂರು ತಾನೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತೆ. ಆಮೇಲೆ ಹುಬ್ಬಳ್ಳಿಯೂ ಮೈಸೂರನ್ನು ಹೀಗೇ ಪರೀಕ್ಷಿಸಬಹುದು. ಪಾಸ್‌ವರ್ಡ್ ಮನೆ ಬಿಟ್ಟು ಹೊರಗೆ ಬರೋದೇ ಇಲ್ಲ.

ಈಗ ನಿಮ್ಮ ಫೋನಿಗೆ ಬನ್ನಿ. ಒಟಿಪಿ ಕಳಿಸಿದ್ದೇ ಬ್ಯಾಂಕು. ತಾನೇ ಕಳಿಸಿದ ನಂಬರನ್ನು ಅದು ಫೋನ್ ಮಾಡಿ ಯಾಕೆ ಕೇಳುತ್ತೆ? ಗುಟ್ಟನ್ನೇ ಕೊಡಿ ಅನ್ನುವವನು ನಿಮ್ಮನ್ನು ಪರೀಕ್ಷೆ ಮಾಡ್ತಿಲ್ಲ, ದೋಚ್ತಿದ್ದಾನೆ. ಆ ಫೋನಿನಲ್ಲಿ ಪರೀಕ್ಷೆ ನಿಮಗೆ ಮಾತ್ರ; ಅವನು ಯಾರು ಅಂತ ಕೇಳುವವರೇ ಇಲ್ಲ. ಕಟ್ ಮಾಡಿ, ಕಾರ್ಡ್ ಹಿಂದಿರುವ ನಂಬರಿಗೆ ನೀವೇ ಕರೆ ಮಾಡಿ. ಆಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ತಿಳಿಸಿ.

ಎರಡು ಕಬ್ಬಿಣದ ಡಬ್ಬಿಗಳು ಒಂದನ್ನೊಂದು ಕುರುಡಾಗಿ ನಂಬೋದಿಲ್ಲ. ನಾವು ಯಾಕೆ ನಂಬಬೇಕು?