ಮೆಟ್ಟಿಲುಗಳ ನಡುವಿನ ಹಳ್ಳ

ಸುತ್ತೂರು ಜಾತ್ರೆಗೆಂದು ಬೆಂಗಳೂರಿನಿಂದ ಬಂದ ಅಣ್ಣನ ಮಗ ಈ ಸಲ ಎಲೆಕ್ಟ್ರಿಕ್ ಗಿಟಾರ್ ತಂದಿದ್ದ. ಜಗಲಿ ಮೇಲೆ ಕೂತು, "ಅತ್ತೆ, ಇದರ ಮೇಲೊಂದು ಸಲ ಬೆರಳಾಡಿಸಿ ನೋಡಿ" ಅಂದ. ಆಡಿಸಿದೆ. ಎರಡೆರಡು ಮೆಟ್ಟಿಲುಗಳ (ಫ್ರೆಟ್) ನಡುವೆ ಮರವನ್ನು ಚಮಚದಲ್ಲಿ ಬಗೆದ ಹಾಗೆ ಹಳ್ಳ ಕೆತ್ತಿದ್ದರು. ತಂತಿ ಒತ್ತಿದರೆ ಬೆರಳಿಗೆ ಮರ ತಾಗುವುದೇ ಇಲ್ಲ. ಮೂವತ್ತು ವರ್ಷ ವೀಣೆ ಹಿಡಿದ ಕೈ, ಇದು ಗುರುತಿನದೇ ಅಂದಿತು.

ಅದು ಸ್ವೀಡನ್ನಿನ ರಾಕ್ ವಾದಕ ಇಂಗ್ವೆ ಮಾಮ್‌ಸ್ಟೀನ್ ಹೆಸರಿನ ಸ್ಟ್ರಾಟೊಕಾಸ್ಟರ್ ಗಿಟಾರ್. ಅಮೆರಿಕದ ಫೆಂಡರ್ ಕಂಪನಿ 1954ರಲ್ಲಿ ಸ್ಟ್ರಾಟೊಕಾಸ್ಟರ್ ಹೊರತಂದಿತು. 1988ರಲ್ಲಿ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್, ಅವರ ಬೆನ್ನಿಗೇ ಮಾಮ್‌ಸ್ಟೀನ್ ಹೆಸರಿನಲ್ಲಿ 'ಸಿಗ್ನೇಚರ್' ಮಾದರಿಗಳು ಬಂದವು. ವಾದಕ ತನ್ನ ಕೈಗೆ ಒಗ್ಗಿಸಿಕೊಂಡದ್ದನ್ನು ಕಾರ್ಖಾನೆ ಅಳತೆ ಹಿಡಿದು ಎಲ್ಲರಿಗೂ ಮಾಡಿಕೊಡುವುದೇ ಸಿಗ್ನೇಚರ್. ಮಾಮ್‌ಸ್ಟೀನ್ ಕೈಗೆ ಒಗ್ಗಿದ್ದು ಈ ಹಳ್ಳ. ಹುಡುಗನಾಗಿದ್ದಾಗ ವಾದ್ಯ ರಿಪೇರಿ ಅಂಗಡಿಯಲ್ಲಿ ಲ್ಯೂಟ್ ಎಂಬ ಹಳೆಯ ತಂತಿವಾದ್ಯವೊಂದರಲ್ಲಿ ಅದನ್ನು ಕಂಡೆ ಅಂತ ಅವರೇ ಹೇಳಿಕೊಂಡಿದ್ದಾರೆ.

ಇನ್ನೊಬ್ಬರು ಇದೇ ಹಳ್ಳಕ್ಕೆ ನಮ್ಮ ದಾರಿಯಲ್ಲೇ ಬಂದರು. ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅಮೆರಿಕದಲ್ಲಿ ಡಾ. ಎಸ್. ರಾಮನಾಥನ್ ಅವರಿಂದ ವೀಣೆ ಕಲಿತವರು. ತಮ್ಮ 'ಶಕ್ತಿ' ಸಂಗೀತ ತಂಡದಲ್ಲಿ ಅವರು ನುಡಿಸಿದ ಗಿಟಾರಿಗೂ ಹೀಗೇ ಹಳ್ಳ ತೋಡಿಸಿದ್ದರು.

ವೀಣೆಯಲ್ಲಿ ಹಳ್ಳವಿಲ್ಲ, ಎತ್ತರವಿದೆ. ಜೇನುಮೇಣಕ್ಕೆ ಕಪ್ಪುಪುಡಿ ಬೆರೆಸಿ ಕಟ್ಟಿದ ಮೇಳದ ಮೇಲೆ 24 ಮೆಟ್ಟಿಲು ಕೂರುತ್ತವೆ. ಆ ಎತ್ತರವಿರುವುದಕ್ಕೇ ತಂತಿಯನ್ನು ಪಕ್ಕಕ್ಕೆಳೆದು ಒಂದೇ ಮೆಟ್ಟಿಲಲ್ಲಿ ಎರಡು ಮೂರು ಸ್ವರ ಹೊರಡಿಸುತ್ತೇವೆ. ಗಮಕ ಹುಟ್ಟುವುದು ಅಲ್ಲಿ.

ನಾದದ ಮಾತು ಬೇರೆ. ವೀಣೆಗೆ ಪೊಳ್ಳು ಕೊಡ. ಈ ಗಿಟಾರಿನ ಮೈ ಗಟ್ಟಿ ಹಲಗೆ. ಪೊಳ್ಳು ಗಿಟಾರನ್ನು ಜೋರು ಸ್ಪೀಕರಿನ ಮುಂದೆ ಹಿಡಿದರೆ ಒಡಲು ತಾನೇ ಅದುರಿ ಕಿರುಚುತ್ತದೆ, ಅದಕ್ಕೇ ಹಲಗೆ. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ ಸಾವಿರಾರು ಸುತ್ತು. ಉಕ್ಕಿನ ತಂತಿ ಅದುರಿದರೆ ತಾಮ್ರದಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ.

ಹುಡುಗ ನುಡಿಸಿದ. ಸ್ವರ ಪ್ರತಿ ಸಲವೂ ಒಂದೆಳೆ ಏರುತ್ತಿತ್ತು. "ಗಿಟಾರೇ ಸರಿಯಿಲ್ಲ ಅತ್ತೆ" ಅಂದ. ಗಿಟಾರು ಸರಿಯಾಗಿಯೇ ಇತ್ತು. ತಳದಲ್ಲಿ ಮರ ತಡೆಯದೆ ಇದ್ದಾಗ ಬಲವಾಗಿ ಒತ್ತಿದರೆ ತಂತಿ ಹಳ್ಳಕ್ಕಿಳಿದು ಬಿಗಿಯಾಗುತ್ತದೆ, ಶ್ರುತಿ ಏರುತ್ತದೆ. ವೀಣೆ ಪಾಠದ ಮೊದಲ ತಿಂಗಳು ನಾನು ಬೈಸಿಕೊಂಡದ್ದೂ ಇದಕ್ಕೇ. ಗಿಟಾರ್ ತೆಗೆದುಕೊಂಡು ಮೆಲ್ಲಗೆ ಒತ್ತಿದೆ, ಗಾಂಧಾರ ನೆಟ್ಟಗೆ ನಿಂತಿತು. ಪಕ್ಕಕ್ಕೆಳೆದೆ, ಮಧ್ಯಮಕ್ಕೆ ಹೋಗಿ ಬಂತು. ಹುಡುಗ ಬಾಯಿ ಬಿಟ್ಟುಕೊಂಡು ನೋಡಿದ. ನನಗೂ ಕಣ್ಣು ತುಂಬಿತು.

ಇಂಥ ಗಿಟಾರಿಗೆ ದುಡ್ಡು ಕೂಡಿಡುತ್ತಿರುವ ಮಕ್ಕಳಲ್ಲಿ ಒಂದು ಕೇಳಿಕೆ. ಕೊಳ್ಳುವ ಮೊದಲು ಬೀದಿಯಲ್ಲಿ ಯಾರ ಮನೆಯಲ್ಲಿ ವೀಣೆ ಇದೆಯೋ ಹುಡುಕಿ, ಕೇಳಿಕೊಂಡು ಅರ್ಧ ಗಂಟೆ ಕೂತು ತಂತಿ ಎಳೆದು ನೋಡಿ. ಹಳ್ಳ ಬೇಕೋ ಬೇಡವೋ ಅಂತ ನಿಮ್ಮ ಬೆರಳೇ ಹೇಳುತ್ತದೆ.