ಚಾವಿ ತಿರುವಿದ್ರೂ ಟ್ರ್ಯಾಕ್ಟರ್ ಚಾಲೂ ಆಗ್ಲಿಲ್ಲಾ? ಬ್ಯಾಟರಿ ಬದಲಿಸೋಕಿಂತ ಮೊದಲು ಇದನ್ನ ಕೇಳ್ರಿ

ಈ ಸಂಚಿಕೆ ಗಾಡಿ ರಿಪೇರಿ ಬಗ್ಗೆ. ಎಟಿವಿ ಅಂತ ಫೋನಿನಲ್ಲಿ ಹುಡುಕಿದರೆ ನಾಲ್ಕು ದಪ್ಪ ಟೈರಿನ ಬೈಕ್ ಬರುತ್ತದೆ, ಯಾವುದೋ ರೆಸಾರ್ಟಿನ ಕೆಸರಿನಲ್ಲಿ ಕುಣಿಯುತ್ತಿರುತ್ತದೆ. ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಎಂಥ ನೆಲಕ್ಕೂ ಇಳಿಯುವ ಗಾಡಿ ಅಂದ್ರ ಒಂದೇ, ಟ್ರ್ಯಾಕ್ಟರ್. ಮುಂಜಾನೆ ಎರಿ ಹೊಲದಾಗ ರಂಟಿ ಹೊಡೀತೈತಿ, ಮಧ್ಯಾಹ್ನ ಹಳ್ಳ ದಾಟತೈತಿ, ರಾತ್ರಿ ಕಾರ್ಖಾನೆಗೆ ಕಬ್ಬು ಎಳೀತೈತಿ, ಹುಣ್ಣಿಮಿ ಬಂತಂದ್ರ ಎಲ್ಲಮ್ಮನ ಗುಡ್ಡಾನೂ ಏರತೈತಿ. ಹಾಗಾಗಿ ಇವತ್ತು ಅದರ ಮಾತೇ ಆಡೋಣ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಟ್ರ್ಯಾಕ್ಟರ್ ನಿಂತಾಗ ಎಲ್ಲರ ಕಣ್ಣು ಎಂಜಿನ್ ಮೇಲೆ, ಇಲ್ಲಾಂದ್ರ ಬ್ಯಾಟರಿ ಮೇಲೆ ಹೋಗುತ್ತದೆ. ಆದರೆ ಬಹಳಷ್ಟು ಸಲ ಕೆಟ್ಟಿರುವುದು ಎರಡರ ನಡುವಿನ ಯಾವುದೋ ಒಂದು ಜೋಡಣೆ. ಒಂದು ಸಡಿಲ ನಟ್ಟು, ತುಕ್ಕು ಹಿಡಿದ ಅರ್ಥ್ ವಾಯರ್, ಗಾಳಿ ಸೇರಿದ ಡೀಸೆಲ್ ಪೈಪು. ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ತಂದು ಹಾಕಿ, ಎಂಟು ದಿನಕ್ಕೆ ಮತ್ತೆ ಅದೇ ಗೋಳು ಅನುಭವಿಸಿದವರು ಪ್ರತಿ ಊರಲ್ಲೂ ಸಿಗುತ್ತಾರೆ.

ಶುರು ಮಾಡೋಣ. ಚಾವಿ ತಿರುವಿದಿರಿ, ಸೆಲ್ಫ್ ಹೊಡೀಲಿಲ್ಲ. ಆಗ ಮಾಡಬೇಕಾದ ಮೊದಲ ಕೆಲಸ ಕಿವಿಗೊಟ್ಟು ಕೇಳೋದು, ಮೀಟರ್ ಬೋರ್ಡಿನ ದೀಪ ನೋಡೋದು. ದೀಪವೇ ಬರಲಿಲ್ಲ ಅಂದ್ರ ಕರೆಂಟ್ ಅಲ್ಲಿಗೆ ಮುಟ್ಟಿಯೇ ಇಲ್ಲ. ಬ್ಯಾಟರಿ ಟರ್ಮಿನಲ್, ಮೇನ್ ಫ್ಯೂಸ್, ಚಾವಿ ಸ್ವಿಚ್, ಈ ಕ್ರಮದಲ್ಲಿ ನೋಡ್ರಿ. ದೀಪ ಬಂದು, ಸೆಲ್ಫ್ ಹೊಡೆದ ಕೂಡಲೇ ‘ಟಕ್’ ಅಂದು ಮಂಕಾಯಿತಾ? ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಹಿಡಿತ ಸರಿ ಇಲ್ಲ. ದೀಪ ಜೋರಾಗೇ ಇದ್ದು ‘ಟಕ್’ ಸಪ್ಪಳ ಬಂದರೆ ಸೆಲ್ಫ್ ಮೋಟಾರ್ ಅಥವಾ ಅದರ ಮೇಲಿನ ಸೊಲೆನಾಯ್ಡ್ ನೋಡಬೇಕು. ದೀಪ ಜೋರು, ಸಪ್ಪಳವೇ ಇಲ್ಲ ಅಂದ್ರ ಕ್ಲಚ್ ಪೂರ್ತಿ ಒತ್ತಿ, ಗೇರ್ ನ್ಯೂಟ್ರಲ್‌ಗೆ ತಂದು ಇನ್ನೊಮ್ಮೆ ತಿರುವಿ. ಬಹಳಷ್ಟು ಟ್ರ್ಯಾಕ್ಟರ್‌ಗಳಲ್ಲಿ ಅಲ್ಲೊಂದು ಸೇಫ್ಟಿ ಸ್ವಿಚ್ ಇರುತ್ತದೆ. ಅದು ಒತ್ತದಿದ್ದರೆ ಸೆಲ್ಫಿಗೆ ಕರೆಂಟೇ ಹೋಗುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ತೀನಿ. ಈ ಸ್ವಿಚ್ ಕೆಟ್ಟಾಗ ನಮ್ಮವರು ಮಾಡುವ ಕೆಲಸ ನಿಮಗೆ ಗೊತ್ತು. ಕೆಳಗಿಳಿದು, ದೊಡ್ಡ ಗಾಲಿಯ ಮುಂದೆ ನಿಂತು, ಸೆಲ್ಫಿನ ಎರಡು ನಟ್ಟಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸೋದು. ಗಾಡಿ ಚಾಲೂ ಆಗತೈತಿ, ನಿಜ. ಆದರೆ ಹಾಗೆ ಮಾಡಿದಾಗ ಸೇಫ್ಟಿ ಸ್ವಿಚ್ ಲೆಕ್ಕಕ್ಕೇ ಬರುವುದಿಲ್ಲ. ಗೇರ್ ಬಿದ್ದಿದ್ದರೂ ಎಂಜಿನ್ ತಿರುಗುತ್ತದೆ. ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಸ್ಟಾಪ್ ಹಿಡಿ ಎಳೆದಿಲ್ಲ ಅಂದ್ರ, ಚಾವಿ ಬಂದ್ ಇದ್ದರೂ ಡೀಸೆಲ್ ಎಂಜಿನ್ ಹಿಡಿದುಬಿಡುತ್ತದೆ. ಗಾಲಿ ಮುಂದೆ ಬರುತ್ತದೆ, ನೀವು ಅದರ ಎದುರಿಗೇ ನಿಂತಿರುತ್ತೀರಿ. ಓಡಲು ಒಂದು ಸೆಕೆಂಡೂ ಸಿಗುವುದಿಲ್ಲ. ಟ್ರ್ಯಾಕ್ಟರ್ ಇರುವ ಹಲವು ದೇಶಗಳಲ್ಲಿ ಹೀಗೆ ಸತ್ತವರಿದ್ದಾರೆ. ಅಮೆರಿಕದ ರೈತರಿಗೂ ಇದೇ ಎಚ್ಚರಿಕೆ ಕೊಡುತ್ತಾರೆ, ಅಲ್ಲಿನ ಟ್ರ್ಯಾಕ್ಟರ್ ಸೆಲ್ಫಿನ ಮೇಲೆ ಇದಕ್ಕೇ ಸ್ಟಿಕ್ಕರ್ ಅಂಟಿಸಿರುತ್ತಾರೆ. ಸ್ವಿಚ್ ಬದಲಿಸ್ರಿ, ಸ್ಕ್ರೂಡ್ರೈವರ್ ಬ್ಯಾಡ.

ಈಗ ಬ್ಯಾಟರಿ. ಒಂದು ಡಿಜಿಟಲ್ ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಬರುತ್ತದೆ. ರೀಲ್ಸ್ ನೋಡುವಷ್ಟು ಹೊತ್ತಿನಲ್ಲಿ ಅದನ್ನು ಹಿಡಿಯುವುದು ಕಲಿಯಬಹುದು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ ಅಂತ ಅರ್ಥ. 12.2 ಅಂದ್ರ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ತಿಳಿಯಿರಿ. ಸೆಲ್ಫ್ ಹೊಡೆಯುವಾಗ ಅದು ಕೆಳಗಿಳಿಯುವುದು ಸಹಜ. ಆದರೆ ನಿಂತಾಗ 12.6 ಇದ್ದದ್ದು ಸೆಲ್ಫ್ ಹೊಡೆದಾಗ 9ಕ್ಕೆ ಬಿದ್ದರೆ, ಆಗ ಬ್ಯಾಟರಿ ಮೇಲೆ ಅನುಮಾನ ಪಡಬಹುದು.

ಬ್ಯಾಟರಿ ಸರಿ ಇದ್ದೂ ಸೆಲ್ಫ್ ನಿಧಾನ ತಿರುಗಿದರೆ ಇನ್ನೊಂದು ಪರೀಕ್ಷೆ ಇದೆ. ಅಂಗಡಿಯವರು ಇದನ್ನು ಮಾಡಿ ತೋರಿಸುವುದು ಕಡಿಮೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಮುಟ್ಟಿಸಿ. ಒಬ್ಬರು ಸೀಟಿನಲ್ಲಿ ಕುಳಿತು ಸೆಲ್ಫ್ ಹೊಡೆಯಲಿ. ಮೀಟರ್ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ವಾಯರ್‌ನಲ್ಲೇ ವೋಲ್ಟೇಜ್ ಕಳೆದುಹೋಗುತ್ತಿದೆ ಅಂತ. ಆ ವಾಯರ್ ಚಾಸಿಗೆ ಸೇರುವ ಜಾಗ ಬಿಚ್ಚಿ, ಪಾಲಿಶ್ ಪೇಪರ್‌ನಿಂದ ಹೊಳೆಯುವ ಹಾಗೆ ತಿಕ್ಕಿ, ಬಿಗಿ ಮಾಡ್ರಿ. ಕಿತ್ತೂರಿನ ಕಡೆ ಮಳೆ ಜಾಸ್ತಿ, ಅಲ್ಲಿ ಈ ಜೋಡಣೆ ಬೇಗ ತುಕ್ಕು ಹಿಡಿಯುತ್ತದೆ. ರಾಮದುರ್ಗದ ಕಡೆ ಒಣ ಹವೆ, ಕಲ್ಲು ದಾರಿ, ಅಲ್ಲಿ ಕುಲುಕಾಟಕ್ಕೆ ನಟ್ಟು ಸಡಿಲಾಗುತ್ತದೆ. ತೊಂದರೆ ಒಂದೇ, ಬರುವ ದಾರಿ ಬೇರೆ.

ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲೆಸಿದ ನೀರು ಹಾಕಿ ತೊಳೆಯಬಹುದು. ಒಂದು ಹನಿಯೂ ಸೆಲ್ಲಿನ ಒಳಗೆ ಹೋಗಬಾರದು. ಒಣಗಿದ ಮೇಲೆ ವ್ಯಾಸಲಿನ್ ಹಚ್ಚಿ. ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ನಮ್ಮ ಬೋರಿನ ಉಪ್ಪು ನೀರು ಹಾಕಿದರೆ ಪ್ಲೇಟ್ ಹಾಳು.

ಗಾಡಿ ಚಾಲೂ ಆದ ಮೇಲೂ ಮೀಟರ್ ಹಿಡಿಯಿರಿ. ಸ್ವಲ್ಪ ರೇಸ್ ಕೊಟ್ಟಾಗ 13.8ರಿಂದ 14.5ರ ನಡುವೆ ಇರಬೇಕು. 12.4ರಲ್ಲೇ ನಿಂತಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ, ಮೊದಲು ಬೆಲ್ಟ್ ಸಡಿಲ ಆಗಿದೆಯಾ ನೋಡಿ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ನೀರು ಕುದಿದು ಆರುತ್ತದೆ. ಇನ್ನು ಕೆಲವರು ಚಾಲೂ ಇದ್ದಾಗ ಬ್ಯಾಟರಿ ವಾಯರ್ ಕಿತ್ತು, ‘ನೋಡು, ಗಾಡಿ ಬಂದ್ ಆಗ್ಲಿಲ್ಲ, ಡೈನಮೊ ಚೊಲೋ ಐತಿ’ ಅಂತ ತೋರಿಸುತ್ತಾರೆ. ಅದೊಂದು ಕಿತ್ತಾಟಕ್ಕೇ ಒಳಗಿನ ಡಯೋಡ್ ಸುಟ್ಟು ಹೋಗಬಹುದು.

ಡಿಜೆ ಹಚ್ಚಿದ ಗೆಳೆಯರಿಗೆ ಒಂದು ಮಾತು. ಬ್ಯಾಡ ಅನ್ನೋದಿಲ್ಲ, ನನಗೂ ಹಾಡು ಬೇಕು. ಲೆಕ್ಕ ಮಾತ್ರ ತಿಳಿದಿರಲಿ. 120 ವಾಟ್ ಎಳೆಯುವ ಆಂಪ್ಲಿಫೈಯರ್ 12 ವೋಲ್ಟಿನಲ್ಲಿ 10 ಆಂಪಿಯರ್ ತಿನ್ನುತ್ತದೆ. 75 ಎಎಚ್ ಬ್ಯಾಟರಿ ಮೇಲೆ, ಎಂಜಿನ್ ಬಂದ್ ಮಾಡಿ, ನಾಲ್ಕು ತಾಸು ಹಾಡು ಹಚ್ಚಿದರೆ ಅರ್ಧಕ್ಕಿಂತ ಹೆಚ್ಚು ಖಾಲಿ. ಅದಕ್ಕಿಂತ ದೊಡ್ಡ ಭಯ ಬೆಂಕಿಯದು. ಬ್ಯಾಟರಿಯಿಂದ ನೇರ ಎಳೆದ ವಾಯರ್‌ಗೆ ಫ್ಯೂಸ್ ಇಲ್ಲದಿದ್ದರೆ, ಎಲ್ಲೋ ತಿಕ್ಕಿ ಬಾಡಿಗೆ ತಾಗಿದ ದಿನ ವಾಯರ್ ಕೆಂಪಗೆ ಕಾಯುತ್ತದೆ. ಪಕ್ಕದಲ್ಲೇ ಡೀಸೆಲ್ ಪೈಪು, ಹಿಂದೆ ಒಣ ಹೊಟ್ಟು. ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್ ಹಾಕಿಸಿ.

ಸೆಲ್ಫ್ ಜೋರಾಗಿ ಹೊಡೀತೈತಿ, ಎಂಜಿನ್ ಮಾತ್ರ ಹಿಡೀವಲ್ದು. ಇದು ಡೀಸೆಲ್ ದಾರಿಯ ಮಾತು. ಸ್ಟಾಪ್ ಹಿಡಿ ಎಳೆದೇ ಬಿಟ್ಟಿದ್ದೀರಾ ಅಂತ ಮೊದಲು ನೋಡಿ, ನಗಬ್ಯಾಡ್ರಿ, ಆಗತೈತಿ. ಟ್ಯಾಂಕ್ ಖಾಲಿಯಾಗಿ ನಿಂತಿದ್ದರೆ, ಅಥವಾ ಫಿಲ್ಟರ್ ಬದಲಿಸಿದ್ದರೆ, ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಫಿಲ್ಟರ್ ಮೇಲಿನ ಸಣ್ಣ ಬೋಲ್ಟ್ ಸ್ವಲ್ಪ ಸಡಿಲಿಸಿ, ಕೈ ಪಂಪು ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ ಇಲ್ಲದ ಡೀಸೆಲ್. ಆಗ ಬಿಗಿ ಮಾಡಿ. ಪಂಪಿನ ಬೋಲ್ಟಿಗೂ ಅದೇ ಕ್ರಮ. ಪದೇ ಪದೇ ಗಾಳಿ ತಗೋತಿದ್ದರೆ ಟ್ಯಾಂಕಿನಿಂದ ಪಂಪಿನವರೆಗಿನ ಯಾವುದೋ ವಾಷರ್ ಅಥವಾ ರಬ್ಬರ್ ಪೈಪು ಬಿರುಕು ಬಿಟ್ಟಿದೆ.

ನಾಜಲ್ ಪೈಪಿನ ಕಡೆ ಮಾತ್ರ ಬೆರಳು ತರಬೇಡಿ. ಅಲ್ಲಿ ಡೀಸೆಲ್ ಎಷ್ಟು ಒತ್ತಡದಲ್ಲಿ ಬರುತ್ತದೆ ಅಂದ್ರ, ಸೂಜಿ ಮೊನೆಯಂಥ ಸೋರಿಕೆಯೂ ಚರ್ಮದೊಳಗೆ ಹೊಕ್ಕುಬಿಡುತ್ತದೆ. ಹೊರಗೆ ಸಣ್ಣ ಚುಕ್ಕಿ ಅಷ್ಟೇ ಕಾಣುತ್ತದೆ, ನೋವೂ ಮೊದಲು ಕಡಿಮೆ. ಹಂಗಂತ ಬಿಟ್ಟರೆ ಬೆರಳೇ ಹೋಗಬಹುದು, ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ. 50 ಎಚ್‌ಪಿಗಿಂತ ದೊಡ್ಡ ಹೊಸ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಬಿಗಿಯಾದ ಹೊಗೆ ನಿಯಮ ಬಂದಿದೆ. ಅಂಥವುಗಳಲ್ಲಿ ಕಾಮನ್ ರೇಲ್ ಪಂಪು ಇದ್ದರೆ ಒತ್ತಡ ಇನ್ನೂ ಹಲವು ಪಟ್ಟು. ಅದರ ಪೈಪು ಹೊಲದಾಗ ಬಿಚ್ಚೋ ಮಾತೇ ಬ್ಯಾಡ.

ಹೊಗೆಯ ಬಣ್ಣವೂ ಒಂದಿಷ್ಟು ಹೇಳುತ್ತದೆ. ಕಪ್ಪು ಹೊಗೆ ಅಂದ್ರ ಗಾಳಿ ಸಾಲುತ್ತಿಲ್ಲ, ಏರ್ ಕ್ಲೀನರ್ ನೋಡಿ. ನೀಲಿ ಅಂದ್ರ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಚಳಿಯ ಮುಂಜಾನೆ ಬಂದು ನಿಂತರೆ ಚಿಂತೆ ಇಲ್ಲ. ಎಂಜಿನ್ ಕಾದ ಮೇಲೂ ಬಂದರೆ ಮಿಸ್ತ್ರಿಗೆ ತೋರಿಸಿ. ಗಾಡಿ ಕಾಯುವುದು ಹೆಚ್ಚಾದರೆ ರೇಡಿಯೇಟರ್ ಜಾಲಿಯಲ್ಲಿ ಕಬ್ಬಿನ ರವದಿ, ಹೊಟ್ಟು ಸಿಕ್ಕಿರುತ್ತದೆ. ಎಂಜಿನ್ ಆರುವ ತನಕ ಕ್ಯಾಪ್ ಮುಟ್ಟಬೇಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ, ಟ್ರಾಲಿಯ ಹಿಂದಿನ ದೀಪ. ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ ಕಡೆ ರಾತ್ರಿ ಬೈಕ್ ಓಡಿಸಿದವರಿಗೆ ಹೇಳಬೇಕಾಗಿಲ್ಲ. ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರಾಲಿ, ಮೇಲೆ ಗುಡ್ಡದಷ್ಟು ಕಬ್ಬು, ಹಿಂದೆ ಕತ್ತಲು. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದ ಹೊತ್ತಿನಲ್ಲಿ ಆ ಟ್ರಾಲಿ ಕಾಣುವುದೇ ಇಲ್ಲ.

‘ಬಲ್ಬ್ ಹಾಕೇನಿ, ಹತ್ತೂದಿಲ್ಲ’ ಅನ್ನುವವರೇ ಹೆಚ್ಚು. ಬಲ್ಬ್ ಮೂರು ಸಲ ಬದಲಿಸಿದ್ದೂ ಇರುತ್ತದೆ. ತೊಂದರೆ ಮತ್ತೆ ಅರ್ಥ್‌ನದು. ಎಷ್ಟೋ ಟ್ರಾಲಿಗಳಲ್ಲಿ ಪ್ಲಸ್ ವಾಯರ್ ಮಾತ್ರ ಎಳೆದಿರುತ್ತಾರೆ, ವಾಪಸ್ ಬರುವ ಕರೆಂಟ್ ಹುಕ್ಕು ಮತ್ತು ಪಿನ್ನಿನ ಮೂಲಕ ಬರಬೇಕು. ಆ ಪಿನ್ನಿನ ಮೇಲೆ ಗ್ರೀಸು, ಮಣ್ಣು, ತುಕ್ಕು. ಗುಂಡಿಗೆ ಬಿದ್ದಾಗೊಮ್ಮೆ ದೀಪ ಹತ್ತಿ ಆರುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಹತ್ತುತ್ತದೆ, ಇಂಡಿಕೇಟರ್ ಹಾಕಿದರೆ ಟೇಲ್ ಲ್ಯಾಂಪ್ ಮಿಣುಕುತ್ತದೆ. ಇಂಥ ವಿಚಿತ್ರ ಆಟ ಕಂಡರೆ ಬಲ್ಬ್ ಬಿಟ್ಟುಬಿಡಿ, ಅರ್ಥ್ ಹಿಡಿಯಿರಿ. ಟ್ರಾಲಿಯ ಚಾಸಿಯಿಂದ ಟ್ರ್ಯಾಕ್ಟರಿನ ಬಾಡಿಗೆ ಒಂದು ಬೇರೆ ವಾಯರ್ ಎಳೆದು ಪ್ಲಗ್ಗಿಗೆ ಸೇರಿಸಿದರೆ ಆಯಿತು. ಎರಡನೇ ಟ್ರಾಲಿಗೂ ಹಾಗೇ. ತಿರುಗುವಾಗ ಎಳೆಯದಷ್ಟು ಸಡಿಲ ಬಿಡಿ.

ದೀಪ ಹತ್ತಿದರೂ ಜೋತುಬಿದ್ದ ಕಬ್ಬು ಅದನ್ನು ಮುಚ್ಚಿಬಿಡುತ್ತದೆ. ಒಂದು ಪಟ್ಟಿಗೆ ದೀಪ, ಕೆಂಪು ರಿಫ್ಲೆಕ್ಟರ್ ಕೂಡಿಸಿ, ಲೋಡ್ ಆದ ಮೇಲೆ ಕಬ್ಬಿನ ತುದಿಗೇ ಕಟ್ಟುವುದು ಒಳ್ಳೆಯ ಉಪಾಯ. ಟ್ರಾಲಿ ರಸ್ತೆಯಲ್ಲಿ ಕೆಟ್ಟು ನಿಂತಾಗ ಬ್ಯಾಟರಿ ಇಲ್ಲದಿದ್ದರೂ ಹೊಳೆಯುವುದು ಆ ರಿಫ್ಲೆಕ್ಟರ್ ಒಂದೇ. ಕಲ್ಲು ಇಟ್ಟು, ಕಬ್ಬಿನ ಗರಿ ಚುಚ್ಚಿ ಗುರುತು ಮಾಡುವುದು ರಾತ್ರಿ ಯಾರಿಗೂ ಕಾಣುವುದಿಲ್ಲ. ಗಾಡಿ ಎತ್ತಿದ ಮೇಲೆ ಆ ಕಲ್ಲು ಅಲ್ಲೇ ಉಳಿಯುತ್ತದೆ ಬೇರೆ.

ಕೊನೆಗೆ ಬ್ರೇಕ್. ಟ್ರ್ಯಾಕ್ಟರಿಗೆ ಎಡಗಾಲಿ, ಬಲಗಾಲಿಗೆ ಬೇರೆ ಬೇರೆ ಪೆಡಲ್. ಹೊಲದಲ್ಲಿ ಸಾಲು ಮುಗಿದಾಗ ತಿರುಗಿಸಲು ಅದು ಬೇಕು. ರಸ್ತೆಗೆ ಬಂದ ಕೂಡಲೇ ಎರಡನ್ನೂ ಜೋಡಿಸುವ ಪಟ್ಟಿ ಹಾಕಬೇಕು. ಹಾಕದೆ, ಭಾರತ ಹುಣ್ಣಿಮಿಗೆ ಟ್ರಾಲಿ ತುಂಬ ಮಂದಿ ಕೂಡಿಸಿಕೊಂಡು ಸವದತ್ತಿ ಗುಡ್ಡ ಇಳಿಯುವಾಗ ಗಾಬರಿಯಲ್ಲಿ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಬದಿಗೆ ತಿರುಗಿ ನಿಲ್ಲುತ್ತದೆ, ಟ್ರಾಲಿ ಹಿಂದಿನಿಂದ ನೂಕುತ್ತದೆ. ಪಟ್ಟಿ ಹಾಕಿದ ಮೇಲೂ ಗಾಡಿ ಒಂದು ಕಡೆ ಎಳೆಯುತ್ತಿದ್ದರೆ ಎರಡೂ ಪೆಡಲಿನ ಆಟ ಸಮ ಇಲ್ಲ, ರಾಡಿನ ನಟ್ಟು ತಿರುಗಿಸಿ ಸಮ ಮಾಡಬೇಕು. ಖಾಲಿ ಟ್ರ್ಯಾಕ್ಟರ್ ತಗೊಂಡು, ಮಂದಿ ಇಲ್ಲದ ಬಯಲಿನಲ್ಲಿ ನಿಧಾನಕ್ಕೆ ಓಡಿಸಿ ಬ್ರೇಕ್ ಒತ್ತಿ ನೋಡಿ. ನೆಲದ ಮೇಲೆ ಎರಡೂ ಗಾಲಿಯ ಗುರುತು ಸಮ ಬಿದ್ದಿದ್ದರೆ, ಟ್ರಾಲಿ ಹಚ್ರಿ.