ಕಂಪನಿಯ ಕಪಾಟಿನಿಂದ ಹರಾಜಿನ ಕಟ್ಟೆಗೆ

1989ರ ಆಗಸ್ಟ್ ತಿಂಗಳಲ್ಲಿ ನ್ಯೂಯಾರ್ಕಿನ ಗರ್ನ್ಸೀಸ್ ಹರಾಜು ಸಂಸ್ಥೆ ಒಂದು ಮಾರಾಟ ನಡೆಸಿತು. ಹರಾಜಿಗೆ ಬಂದದ್ದು ಟಾಪ್ಸ್ ಎಂಬ ಬಬಲ್ ಗಮ್ ಕಂಪನಿ ತನ್ನ ಕಪಾಟುಗಳಲ್ಲಿ ದಶಕಗಳಿಂದ ಇಟ್ಟುಕೊಂಡಿದ್ದ ಸರಕು. ಅದರಲ್ಲಿ ಕೈಯಲ್ಲಿ ಹಿಡಿಯುವಷ್ಟು ಪುಟ್ಟದಾದ ಒಂದು ವರ್ಣಚಿತ್ರವಿತ್ತು, ಯಾಂಕೀಸ್ ತಂಡದ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ ಮುಖ. 1953ರಲ್ಲಿ ಗಮ್ ಪಾಕೀಟಿನೊಳಗೆ ಹಾಕುವ ಕಾರ್ಡನ್ನು ಅಚ್ಚು ಹಾಕಲೆಂದು ಬರೆಸಿದ ಮೂಲಚಿತ್ರ ಅದು. ಕೂಗು ಏರುತ್ತ ಏರುತ್ತ ಒಂದು ಲಕ್ಷ ಡಾಲರ್ ದಾಟಿತು. ವಿಲಿ ಮೇಸ್, ಜಾಕಿ ರಾಬಿನ್ಸನ್ ಚಿತ್ರಗಳಿಗೂ ಹತ್ತಾರು ಸಾವಿರ ಡಾಲರ್ ಬಂತು. ಕಂಪನಿಯ ಪಾಲಿಗೆ ಇವೆಲ್ಲ ಮುಗಿದ ಕೆಲಸದ ಕಾಗದಗಳಾಗಿದ್ದವು. ಗಮ್ಮಿಗಿಂತ ಕಾರ್ಡಿಗೆ, ಕಾರ್ಡಿಗಿಂತ ಕಾರ್ಡು ತಯಾರಾದ ಕಾಗದಪತ್ರಕ್ಕೆ ಬೆಲೆ ಬರುವ ಕಾಲ ಬಂದಿದೆ ಎಂಬುದು ಆ ಹರಾಜಿನಲ್ಲಿ ಎಲ್ಲರಿಗೂ ಕಾಣಿಸಿತು.

ಸರಕಿನ ಜೊತೆ ಚಿತ್ರ ಕೊಟ್ಟು ಗಿರಾಕಿಯನ್ನು ಹಿಡಿದಿಡುವ ಉಪಾಯ ಟಾಪ್ಸ್‌ಗಿಂತ ಬಹಳ ಹಳೆಯದು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಸಿಗರೇಟು ಪೊಟ್ಟಣ ಮೆತ್ತಗಾಗಿ ಬಾಗದಿರಲೆಂದು ಒಳಗೆ ರಟ್ಟಿನ ತುಂಡು ಇಡುತ್ತಿದ್ದರು. ಖಾಲಿ ರಟ್ಟು ಯಾಕಿರಬೇಕೆಂದು ಅದರ ಮೇಲೆ ಚಿತ್ರ ಅಚ್ಚಾಯಿತು. ನಮ್ಮ ಪೆಟ್ಟಿಗೆ ಅಂಗಡಿಗಳಲ್ಲೂ ಹೆಸರಾಗಿದ್ದ ವಿಲ್ಸ್ ಕಂಪನಿ 1896ರಲ್ಲಿ ಇಂಗ್ಲೆಂಡಿನಲ್ಲಿ ಐವತ್ತು ಕ್ರಿಕೆಟಿಗರ ಕಾರ್ಡುಗಳನ್ನು ತಂದಿತು. ಡಬ್ಲ್ಯು.ಜಿ. ಗ್ರೇಸ್ ಜೊತೆ ನಮ್ಮ ರಣಜಿತ್ ಸಿಂಗ್‌ಜಿಯೂ ಅದರಲ್ಲಿದ್ದರು. 1930ರ ದಶಕದ ಹೊತ್ತಿಗೆ ಪ್ಲೇಯರ್ಸ್‌ನಂಥ ಕಂಪನಿಗಳು ಕಾರ್ಡಿನ ಬೆನ್ನಿಗೆ ಅಂಟು ಹಚ್ಚಿಯೇ ಕೊಡುತ್ತಿದ್ದವು, ಅದನ್ನು ಅಂಟಿಸಲು ಒಂದು ಪೆನ್ನಿ ನಾಣ್ಯಕ್ಕೆ ಆಲ್ಬಮ್ಮನ್ನೂ ಮಾರುತ್ತಿದ್ದವು. ಸೇದುವವನು ಅಪ್ಪ, ಕಾರ್ಡಿಗಾಗಿ ಕಾಯುವವನು ಮಗ. ಯುದ್ಧ ಶುರುವಾಗಿ ಕಾಗದಕ್ಕೆ ಕೊರತೆ ಬಂದಾಗ, 1940ರಲ್ಲಿ ಅದು ನಿಂತಿತು.

ಟಾಪ್ಸ್ ಹುಟ್ಟಿದ್ದು 1938ರಲ್ಲಿ, ಬ್ರೂಕ್ಲಿನ್‌ನಲ್ಲಿ. ಶೋರಿನ್ ಮನೆತನದ ನಾಲ್ವರು ಅಣ್ಣತಮ್ಮಂದಿರು ಕುಟುಂಬದ ತಂಬಾಕು ವ್ಯಾಪಾರ ಕೈಕೊಟ್ಟ ಮೇಲೆ ಚೂಯಿಂಗ್ ಗಮ್ಮಿಗೆ ಇಳಿದರು. ಎರಡನೇ ಮಹಾಯುದ್ಧ ಮುಗಿದ ನಂತರ ಬಜೂಕಾ ಬಬಲ್ ಗಮ್ ಮಕ್ಕಳಲ್ಲಿ ಹೆಸರು ಮಾಡಿತು. ಆ ಕಂಪನಿಗೆ ಸೇರಿದ ಸೈ ಬರ್ಗರ್ ಎಂಬ ಯುವಕ 1951ರಲ್ಲಿ ಸಹೋದ್ಯೋಗಿ ವುಡಿ ಗೆಲ್ಮನ್ ಜೊತೆ ತನ್ನ ಅಡುಗೆಮನೆಯ ಮೇಜಿನ ಮೇಲೆ ರಟ್ಟು, ಕತ್ತರಿ, ಗೋಂದು ಹರಡಿಕೊಂಡು ಮುಂದಿನ ವರ್ಷದ ಕಾರ್ಡನ್ನು ರೂಪಿಸಿದ.

1952ರ ಆ ಕಾರ್ಡನ್ನು ಒಮ್ಮೆ ಸಾವಧಾನವಾಗಿ ನೋಡಬೇಕು. ಹಿಂದಿನವಕ್ಕಿಂತ ದೊಡ್ಡದು, ಸುತ್ತ ಬಿಳಿ ಅಂಚು. ಕಪ್ಪುಬಿಳುಪು ಫೋಟೊಗೆ ಬಣ್ಣ ತುಂಬಿದ್ದರಿಂದ ಆಕಾಶ ನಿಜದ ಆಕಾಶಕ್ಕಿಂತ ನೀಲಿ, ಕೆನ್ನೆ ನಿಜಕ್ಕಿಂತ ಕೆಂಪು. ಮ್ಯಾಂಟಲ್ ಭುಜದ ಮೇಲೆ ಹಳದಿ ದಾಂಡು ಹೊತ್ತು ಎತ್ತಲೋ ಮೇಲಕ್ಕೆ ನೋಡುತ್ತಿದ್ದಾನೆ. ಕೆಳಗಿನ ಪಟ್ಟಿಯಲ್ಲಿ ಅಚ್ಚಿನಲ್ಲಿ ಹೆಸರು, ಅದರಡಿ ಅವನದೇ ಸಹಿಯ ನಕಲು, ಪಕ್ಕದಲ್ಲಿ ತಂಡದ ಲಾಂಛನ. ತಿರುಗಿಸಿದರೆ ಕ್ರಮಸಂಖ್ಯೆ, ಎತ್ತರ, ತೂಕ, ಹುಟ್ಟೂರು, ಹಿಂದಿನ ವರ್ಷದ ಮತ್ತು ಇಡೀ ಆಟಜೀವನದ ಅಂಕಿಅಂಶ. ಟಿವಿ ಇನ್ನೂ ಎಲ್ಲ ಮನೆಗಳಿಗೆ ಬಂದಿರದ ಕಾಲದಲ್ಲಿ ಒಬ್ಬ ಹುಡುಗನಿಗೆ ತನ್ನ ಆಟಗಾರನ ಬಗ್ಗೆ ಬೇಕಾದ ಎಲ್ಲವೂ ಅಂಗೈಯಲ್ಲಿ ಸಿಕ್ಕಿತು. ಮುಂದೆ ಬಂದ ಆಟದ ಕಾರ್ಡುಗಳಲ್ಲಿ ಬಹುಪಾಲು ಈ ಮಾದರಿಯನ್ನೇ ಹಿಡಿದವು.

ಒಟ್ಟು 407 ಕಾರ್ಡುಗಳಲ್ಲಿ ಕೊನೆಯ ಕಂತು ಅಂಗಡಿಗೆ ಬರುವಷ್ಟರಲ್ಲಿ ಬೇಸ್‌ಬಾಲ್ ಋತು ಮುಗಿಯುತ್ತ ಬಂದಿತ್ತು. ಮ್ಯಾಂಟಲ್‌ನ 311ನೇ ಕಾರ್ಡಿನಿಂದಲೇ ಆ ಕಂತು ಶುರು. ಮಕ್ಕಳ ಮನಸ್ಸು ಅಮೆರಿಕನ್ ಫುಟ್‌ಬಾಲಿಗೆ ತಿರುಗಿತ್ತು, ಪೆಟ್ಟಿಗೆಗಳು ಹಾಗೇ ವಾಪಸ್ ಬಂದವು. ಜಾತ್ರೆಗಳಲ್ಲಿ ಕಾಸಿಗೆ ಹತ್ತರಂತೆ ಕೊಡಲು ಹೋದರೂ ಕೊಳ್ಳುವವರಿಲ್ಲ. ಗೋದಾಮಿನಲ್ಲಿ ಜಾಗ ಬೇಕಾದಾಗ, 1960ರಲ್ಲಿ, ಕಸದ ಲಾರಿಗಳಿಗೆ ತುಂಬಿಸಿ, ದೋಣಿಗೆ ಏರಿಸಿ, ನ್ಯೂಜೆರ್ಸಿಯ ಆಚೆಗೆ ಅಟ್ಲಾಂಟಿಕ್ ಸಾಗರದಲ್ಲಿ ಸುರಿಸಿದ್ದಾಗಿ ಬರ್ಗರ್ ಸ್ವತಃ ಹೇಳುತ್ತಿದ್ದರು. ಕಥೆಗೆ ಸಾಕ್ಷಿ ಅವರ ಮಾತೇ. ಒಬ್ಬ ವ್ಯಾಪಾರಿಯ ಕಣ್ಣಿನಲ್ಲಿ ಹಳೆಯ ಕಾರ್ಡಿಗೆ ಆಗ ಏನು ಬೆಲೆಯಿತ್ತು ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು. ಸಮುದ್ರಕ್ಕೆ ಬೀಳದೆ ಉಳಿದವುಗಳಲ್ಲಿ ಒಂದು ಮ್ಯಾಂಟಲ್ ಕಾರ್ಡು 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರಿಗೆ ಹೋಗಿ ಆಗಿನ ಮಟ್ಟಿಗೆ ದಾಖಲೆಯಾಯಿತು.

ಕಾರ್ಡು ಮಕ್ಕಳ ಕೈಯಿಂದ ದೊಡ್ಡವರ ಕೈಗೆ ದಾಟಿದ್ದು 1970ರ ದಶಕದ ಕೊನೆಯಲ್ಲಿ. ಬಾಲ್ಯದ ಪೆಟ್ಟಿಗೆಯನ್ನು ಅಮ್ಮ ಎಸೆದುಬಿಟ್ಟಳೆಂದು ಮರುಗುತ್ತಿದ್ದ ತಲೆಮಾರಿಗೆ ಈಗ ಸಂಬಳ ಬರುತ್ತಿತ್ತು. ಸಂಖ್ಯಾಶಾಸ್ತ್ರದ ಅಧ್ಯಾಪಕ ಜೇಮ್ಸ್ ಬೆಕೆಟ್ ಊರೂರಿನ ದರಗಳನ್ನು ಕಲೆಹಾಕಿ 1979ರಲ್ಲಿ ಬೆಲೆಪಟ್ಟಿಯ ಪುಸ್ತಕ ತಂದರು, 1984ರಿಂದ ಅದು ಮಾಸಪತ್ರಿಕೆಯೂ ಆಯಿತು. ಅಚ್ಚಾದ ದರ ಕಣ್ಣೆದುರಿಗೆ ಬಂದದ್ದೇ ತಡ, ಕಾರ್ಡು ಷೇರುಪೇಟೆಯ ಪತ್ರದಂತಾಯಿತು. ಮೂಲೆ ಮೊಂಡಾದರೆ ಇಷ್ಟು ಕಡಿಮೆ, ಚಿತ್ರ ಅಂಚಿಗೆ ಸರಿದಿದ್ದರೆ ಇನ್ನಷ್ಟು ಕಡಿಮೆ. ಪಾಕೀಟಿನೊಳಗಿನ ಗುಲಾಬಿ ಗಮ್ಮಿನ ಪಟ್ಟಿ ಕಾರ್ಡಿಗೆ ಬಿಡುತ್ತಿದ್ದ ಕಲೆ ಕೂಡ ದೋಷವಾಯಿತು. 1990ರ ದಶಕದ ಆರಂಭದಲ್ಲಿ ಟಾಪ್ಸ್ ತನ್ನ ಬೇಸ್‌ಬಾಲ್ ಪಾಕೀಟಿನಿಂದ ಗಮ್ಮನ್ನೇ ತೆಗೆದುಹಾಕಿತು. ಯಾವುದನ್ನು ಮಾರಲು ಕಾರ್ಡು ಬಂದಿತ್ತೋ ಅದಕ್ಕೇ ಜಾಗವಿಲ್ಲವಾಯಿತು.

ಇದೇ ಬಿಸಿಯಲ್ಲಿ ನಡೆದದ್ದು 1989ರ ಹರಾಜು. ಆಮೇಲೆ ಇಂಟರ್‌ನೆಟ್ ಬಂತು. ಟಾಪ್ಸ್ ತನ್ನ ದಾಖಲೆ ಕೋಣೆಯ ಸಾಮಗ್ರಿಯನ್ನು ‘ಟಾಪ್ಸ್ ವಾಲ್ಟ್’ ಎಂಬ ಹೆಸರಿನಲ್ಲಿ ಈಬೇಯಲ್ಲಿ ಬಿಡಿಬಿಡಿಯಾಗಿ ಮಾರತೊಡಗಿತು. ಫೋಟೊ ನೆಗೆಟಿವ್‌ಗಳು, ಬಣ್ಣ ಪರೀಕ್ಷಿಸಲು ತೆಗೆದ ಪ್ರೂಫ್‌ಗಳು, ಹಿಂಬದಿ ಅಚ್ಚಾಗದ ಕಾರ್ಡುಗಳು, ಕಲಾವಿದರ ಮೂಲಚಿತ್ರಗಳು, ಆಟಗಾರರು ಸಹಿ ಹಾಕಿದ ಕರಾರುಪತ್ರಗಳು. ಪ್ರತಿಯೊಂದಕ್ಕೂ ಹೊಳೆಯುವ ಹೊಲೊಗ್ರಾಮ್ ಚೀಟಿ, ಜೊತೆಗೆ ಕಂಪನಿಯ ದೃಢೀಕರಣ ಪತ್ರ.

ಕರಾರುಪತ್ರಗಳ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಬರ್ಗರ್ ತಂಡದವರು ಅಭ್ಯಾಸ ಶಿಬಿರಗಳಿಗೆ ಹೋಗಿ, ಇನ್ನೂ ಹೆಸರು ಮಾಡಿರದ ಹುಡುಗರಿಂದ ಐದು ಡಾಲರ್ ಮುಂಗಡಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಒಂದು ಹೊತ್ತಿನ ಒಳ್ಳೆಯ ಊಟದ ದುಡ್ಡು ಅದು. ದೊಡ್ಡ ಲೀಗಿಗೆ ಬಂದರೆ ವರ್ಷಕ್ಕೆ 125 ಡಾಲರ್. ನಗದು ಬೇಡವೆಂದರೆ ಕ್ಯಾಟಲಾಗ್ ನೋಡಿ ಟಿವಿಯನ್ನೋ ಫ್ರಿಜ್ಜನ್ನೋ ಆರಿಸಿಕೊಳ್ಳಬಹುದಿತ್ತು. 1966ರಲ್ಲಿ ಆಟಗಾರರ ಸಂಘದ ಮುಖ್ಯಸ್ಥರಾಗಿ ಬಂದ ಮಾರ್ವಿನ್ ಮಿಲ್ಲರ್ ಇದನ್ನು ನೋಡಿ ಬೆಚ್ಚಿದರು. ಕರಾರು ನವೀಕರಿಸಬೇಡಿ ಎಂದು ಆಟಗಾರರನ್ನು ಒಪ್ಪಿಸಿದರು. 1968ರಲ್ಲಿ ಟಾಪ್ಸ್ ಮಣಿಯಿತು. ವರ್ಷದ ಮೊತ್ತ ಇಮ್ಮಡಿಯಾಯಿತು, ಮಾರಾಟದಲ್ಲಿ ಪಾಲೂ ದಕ್ಕಿತು. ಆ ಸಂಘದ ಮೊದಮೊದಲ ಗೆಲುವುಗಳಲ್ಲಿ ಅದೊಂದು. ಈಗ ಅಂಥ ಕರಾರಿನ ಒಂದು ಹಾಳೆಯನ್ನು ಕೊಂಡವನಿಗೆ ಅದರ ತುದಿಯಲ್ಲಿರುವ ಸಹಿಯೇ ಮುಖ್ಯ. ಹಾಳೆಗಳೆಲ್ಲ ಒಂದೇ ಕಡೆ ಇದ್ದಿದ್ದರೆ ಯಾವ ವರ್ಷ ಯಾರಿಗೆ ಎಷ್ಟು ಕೊಟ್ಟರು, ಯಾವ ಷರತ್ತು ಎಂದು ಬದಲಾಯಿತು, ಕಪ್ಪು ಆಟಗಾರರಿಗೂ ಬಿಳಿಯರಿಗೂ ಒಂದೇ ಕಾಗದ ಕೊಟ್ಟಿದ್ದರೇ ಎಂದು ಓದಬಹುದಿತ್ತು. ಒಂದೊಂದೂ ಒಬ್ಬೊಬ್ಬರ ಗೋಡೆ ಸೇರಿದ ಮೇಲೆ ಸಹಿ ಉಳಿಯುತ್ತದೆ, ದಾಖಲೆ ಹೋಗುತ್ತದೆ. ನನಗೆ ಈ ಮಾರಾಟದಲ್ಲಿ ಸಂಕಟ ತರುವುದು ಇದೇ.

ಹೀಗಾಗಲೇಬೇಕೆಂದೇನೂ ಇರಲಿಲ್ಲ ಎಂಬುದಕ್ಕೆ ಇಬ್ಬರು ಕಣ್ಣ ಮುಂದಿದ್ದಾರೆ. ಮೊದಲನೆಯವರು ಜೆಫರ್ಸನ್ ಬರ್ಡಿಕ್. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಕಾರ್ಖಾನೆ ನೌಕರ, ಒಂಟಿ ಮನುಷ್ಯ, ಸಂಧಿವಾತದಿಂದ ಬೆರಳು ಸೊಟ್ಟಗಾದವರು. ಸಿಗರೇಟು, ಗಮ್, ಮಿಠಾಯಿಯ ಕಾರ್ಡುಗಳನ್ನು ಒಂದು ಶಿಸ್ತಿಗೆ ತಂದು ‘ಅಮೆರಿಕನ್ ಕಾರ್ಡ್ ಕ್ಯಾಟಲಾಗ್’ ಸಿದ್ಧಪಡಿಸಿದ್ದು ಅವರೇ. ಕೋಟಿಗಳ ಮಾತಾಡುವ ಇಂದಿನ ಹರಾಜುದಾರರು ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ನ ಹಳೆಯ ಸಿಗರೇಟು ಕಾರ್ಡನ್ನು ಟಿ206 ಎಂದು ಕರೆಯುವುದು ಬರ್ಡಿಕ್ ಕೊಟ್ಟ ಸಂಕೇತದಿಂದ. 1947ರಿಂದ ಅವರು ತಮ್ಮ ಸಂಗ್ರಹವನ್ನು ಕಂತುಕಂತಾಗಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟರು. ಕೊಟ್ಟು ಸುಮ್ಮನಾಗದೆ ತಾವೇ ಅಲ್ಲಿ ಕೂತು ನೂರಾರು ಆಲ್ಬಮ್ಮುಗಳಲ್ಲಿ ಕ್ರಮವಾಗಿ ಅಂಟಿಸುತ್ತ ಹೋದರು. ಮೂರು ಲಕ್ಷಕ್ಕೂ ಮಿಕ್ಕಿದ ಕಾಗದಗಳು, ಅವುಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಬೇಸ್‌ಬಾಲ್ ಕಾರ್ಡುಗಳು. 1963ರ ಜನವರಿಯಲ್ಲಿ ಕೆಲಸ ಮುಗಿಸಿದರು, ಮಾರ್ಚ್‌ನಲ್ಲಿ ತೀರಿಕೊಂಡರು. ಅಂಟಿಸಿದ ಕಾರ್ಡಿಗೆ ಮಾರುಕಟ್ಟೆಯಲ್ಲಿ ಬೆಲೆ ಬಿದ್ದುಹೋಗುತ್ತದೆ. ಆ ಸಂಗ್ರಹ ಚದುರದೆ ಒಂದೇ ಕಡೆ ಉಳಿದದ್ದರಲ್ಲಿ ಅಂಟಿಗೂ ಪಾಲಿದೆ ಎಂದು ನಾನು ನಂಬುತ್ತೇನೆ.

ಎರಡನೆಯವರು ಇಟಲಿಯ ಮೊಡೆನಾ ಊರಿನ ಜುಸೆಪ್ಪೆ ಪನೀನಿ. ಅವರ ತಾಯಿ ಓಲ್ಗಾ, ಗಂಡನನ್ನು ಕಳೆದುಕೊಂಡು ಎಂಟು ಮಕ್ಕಳನ್ನು ಸಾಕುತ್ತಿದ್ದವರು, 1945ರಲ್ಲಿ ಊರಿನ ದೊಡ್ಡ ಚರ್ಚಿನ ಬಳಿ ಪತ್ರಿಕೆ ಮಾರುವ ಗೂಡಂಗಡಿ ಹಿಡಿದರು. 1960ರಲ್ಲಿ ಮಕ್ಕಳು ಮಿಲಾನಿನ ಕಂಪನಿಯೊಂದರಲ್ಲಿ ಮಾರಾಟವಾಗದೆ ಉಳಿದಿದ್ದ ಚಿತ್ರಗಳನ್ನು ಕೊಂಡು, ಎರಡೆರಡು ಸೇರಿಸಿ, ಹತ್ತು ಲೀರಾದ ಪಾಕೀಟು ಮಾಡಿ ಮಾರಿದರು. ಮೂವತ್ತು ಲಕ್ಷ ಪಾಕೀಟು ಖಾಲಿಯಾದವು. ಮರುವರ್ಷ ಫುಟ್‌ಬಾಲ್ ಆಟಗಾರರ ತಮ್ಮದೇ ಆಲ್ಬಮ್ ತಂದರು. ಒಂದೇ ಚಿತ್ರ ಒಂದೇ ಪಾಕೀಟಿನಲ್ಲಿ ಎರಡು ಸಲ ಬರದಂತೆ ಕಲಸಲು ಆರಂಭದಲ್ಲಿ ಬೆಣ್ಣೆ ಕಡೆಯುವ ಯಂತ್ರವನ್ನೇ ಬಳಸಿದರಂತೆ. ಮುಂದೆ ತಮ್ಮ ಉಂಬೆರ್ತೊ ‘ಫಿಫಿಮ್ಯಾಟಿಕ್’ ಎಂಬ ಯಂತ್ರವನ್ನೇ ಕಟ್ಟಿದ. 1970ರ ಮೆಕ್ಸಿಕೊ ವಿಶ್ವಕಪ್ಪಿನ ಆಲ್ಬಮ್ಮಿನಿಂದ ಪನೀನಿ ಲೋಕಕ್ಕೆಲ್ಲ ಗೊತ್ತಾಯಿತು. ಪೆಲೆ ಸಹಿ ಇದ್ದ ಅದರ ಪೂರ್ತಿ ತುಂಬಿದ ಪ್ರತಿಯೊಂದು 2017ರಲ್ಲಿ ಹತ್ತು ಸಾವಿರ ಪೌಂಡಿಗೂ ಮೇಲೆ ಮಾರಾಟವಾಯಿತು. ಇಲ್ಲಿ ವ್ಯವಹಾರವೇ ತಿರುವುಮುರುವು. ಅಮೆರಿಕದಲ್ಲಿ ಅಂಟು ಬೆಲೆ ಕಳೆದರೆ, ಇಟಲಿಯಲ್ಲಿ ಕೊನೆಯ ಚೌಕದವರೆಗೂ ಅಂಟಿಸಿ ಮುಗಿಸಿದ ಆಲ್ಬಮ್ಮಿಗೇ ಬೆಲೆ. ಗೆಳೆಯರ ಜೊತೆ ಅದಲುಬದಲು ಮಾಡಿಕೊಂಡು ಭರ್ತಿ ಮಾಡಿದ ಹುಡುಗನ ಇಡೀ ವರ್ಷ ಅದರೊಳಗಿದೆ.

1988ರಲ್ಲಿ ಪನೀನಿ ಕಂಪನಿ ಪತ್ರಿಕಾ ದೊರೆ ರಾಬರ್ಟ್ ಮ್ಯಾಕ್ಸ್‌ವೆಲ್ ಪಾಲಾಯಿತು. ಆದರೆ ಜುಸೆಪ್ಪೆ ಬದುಕಿಡೀ ಕೂಡಿಸಿದ್ದ ಚಿತ್ರಗಳ ಭಂಡಾರ ಅವರ ಕೈಯಲ್ಲೇ ಇತ್ತು. 1992ರಲ್ಲಿ ಅವರು ಅದನ್ನು ಇಡಿಯಾಗಿ ಊರಿಗೆ ಬರೆದುಕೊಟ್ಟರು. 2006ರಿಂದ ಮೊಡೆನಾದ ಸಾಂತಾ ಮಾರ್ಗರಿತಾ ಭವನದಲ್ಲಿ ಅದೊಂದು ಮ್ಯೂಸಿಯಂ. ಸಿಗರೇಟು ಕಾರ್ಡಿನಿಂದ ಹಿಡಿದು ಬೆಂಕಿಪೊಟ್ಟಣದ ಚೀಟಿವರೆಗೆ ಪುಟ್ಟ ಅಚ್ಚಿನ ಚಿತ್ರಗಳ ಚರಿತ್ರೆಯನ್ನು ಅಲ್ಲಿ ಅನುಕ್ರಮವಾಗಿ ಕಾಣಬಹುದು.

ಮತ್ತೆ ಹರಾಜಿನ ಮಾತಿಗೆ ಬಂದರೆ, ಮೂಲ ಗೊತ್ತಿಲ್ಲದ ಸರಕು ಎಂಥ ಮೋಸಕ್ಕೆ ದಾರಿ ಮಾಡುತ್ತದೆ ಎಂಬುದಕ್ಕೆ ಅದೇ ವ್ಯಾಗ್ನರ್ ಕಾರ್ಡು ಸಾಕ್ಷಿ. ಐಸ್ ಹಾಕಿ ತಾರೆ ವೇನ್ ಗ್ರೆಟ್ಸ್ಕಿ ಒಡೆತನದಲ್ಲಿದ್ದು ಹೆಸರಾದ ಪ್ರತಿಗೆ ದರ್ಜೆ ನೀಡುವ ಸಂಸ್ಥೆ ಉತ್ತಮ ಅಂಕ ಕೊಟ್ಟಿತ್ತು. 2013ರಲ್ಲಿ ಹರಾಜುದಾರ ಬಿಲ್ ಮ್ಯಾಸ್ಟ್ರೊ ವಂಚನೆ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡಾಗ, ಅದರ ಅಂಚನ್ನು ತಾನೇ ಕತ್ತರಿಸಿ ನೇರ ಮಾಡಿದ್ದೆನೆಂದು ಬಾಯಿಬಿಟ್ಟ. ಕಂಪನಿಯಿಂದ ನೇರವಾಗಿ ಬಂದ ವಸ್ತುವಿಗೆ ಇಂಥ ಅನುಮಾನ ಕಡಿಮೆ. ಹೊಲೊಗ್ರಾಮ್ ಚೀಟಿಗೆ ಜನ ಹೆಚ್ಚಿಗೆ ಕೊಡುವುದು ಅದಕ್ಕೇ. ಆದರೆ ಆ ಚೀಟಿ ಹೇಳುವುದು ‘ಇದು ನಮ್ಮಲ್ಲಿಂದ ಬಂತು’ ಎಂಬಷ್ಟನ್ನೇ. ಯಾವ ಫೈಲಿನಿಂದ, ಪಕ್ಕದಲ್ಲಿ ಏನಿತ್ತು, ಹಾಳೆಯಂಚಿನ ಪೆನ್ಸಿಲ್ ಬರಹ ಯಾರ ಕೈಯದು ಎಂಬುದನ್ನೂ ಬರೆದಿಟ್ಟರೆ ಮಾತ್ರ ಅದು ಪುರಾವೆ.

2022ರ ಜನವರಿಯಲ್ಲಿ ಟಾಪ್ಸ್‌ನ ಕಾರ್ಡು ವ್ಯವಹಾರವನ್ನು ಫನಾಟಿಕ್ಸ್ ಎಂಬ ಕಂಪನಿ ಕೊಂಡಿತು. ಮಾರಾಟ ನಿಲ್ಲಿಸಿ ಎಂದು ಇಂಥ ಕಂಪನಿಗಳಿಗೆ ಯಾರೂ ಹೇಳಲಾರರು, ಸ್ವತ್ತು ಅವರದು. ಹರಾಜಿಗೆ ಇಡುವ ಮುನ್ನ ಪ್ರತಿ ಹಾಳೆಯ ಎರಡೂ ಬದಿಯ ಚಿತ್ರ ತೆಗೆದು, ಇದ್ದ ಕ್ರಮದಲ್ಲೇ ಸಂಖ್ಯೆ ಹಾಕಿ, ಆ ಪಟ್ಟಿಯ ಒಂದು ಪ್ರತಿಯನ್ನು ಯಾವುದಾದರೂ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಡಲಿ. ಕರಾರುಪತ್ರಗಳಿಂದಲೇ ಆ ಕೆಲಸ ಶುರುವಾಗಲಿ. ಕೊಳ್ಳುವವರೂ ಆ ಸಂಖ್ಯೆ ಎಲ್ಲಿದೆ ಎಂದು ಕೇಳತೊಡಗಿದರೆ, ಮಾರುವವರಿಗೆ ಅದನ್ನು ಬರೆದಿಡದೆ ಬೇರೆ ದಾರಿಯಿರುವುದಿಲ್ಲ.